ಸುಗ್ಗಿಯಲ್ಲಿ ಮನೆಯ ಪಾಲು

ಸಂಸಾರದ ಸುಖವನ್ನು ಅದರ ಆದಾಯದಿಂದ ಅಳೆಯುವುದು ಲೋಕದ ವಾಡಿಕೆ. ಆದರೆ ಕೃಷ್ಣೆ ಭೀಮೆಯರು ಹರಿಯುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಈ ಅಳತೆ ಸಾಲದು. ಇಲ್ಲಿ ಹಣವು ವರ್ಷಕ್ಕೊಮ್ಮೆ ಇಲ್ಲವೆ ಎರಡು ಸಲ ಹೊಳೆಯಂತೆ ಬರುವುದು, ಹೊಳೆಯಂತೆಯೇ ಹರಿದು ಹೋಗುವುದು. ಮಾಘ ಫಾಲ್ಗುಣಗಳಲ್ಲಿ ಜೋಳದ ರಾಶಿ ಮಾಡಿದ ಮನೆಯವರೇ ಆಷಾಢದಲ್ಲಿ ಅಂಗಡಿಯ ಮುಂದೆ ನಿಂತು ಉದ್ರಿಯ ಪುಸ್ತಕದಲ್ಲಿ ಜೋಳ ಬರೆಸುವುದುಂಟು. ತಾವು ಅಗ್ಗದಲ್ಲಿ ಮಾರಿದ ಧಾನ್ಯವನ್ನು ತಾವೇ ಹೆಚ್ಚಿನ ಧಾರಣೆಗೆ, ಅದೂ ಬಡ್ಡಿಯ ಮೇಲೆ, ಕೊಳ್ಳುವುದಕ್ಕಿಂತ ಹೆಚ್ಚಿನ ನಷ್ಟವು ಒಂದು ಸಂಸಾರಕ್ಕೆ ಮತ್ತಾವುದಿದೆ? ಈ ನಷ್ಟವನ್ನು ತಪ್ಪಿಸುವ ಶಕ್ತಿಯು ಮನೆಯ ಉಗ್ರಾಣದಲ್ಲಿದೆ. ಅದನ್ನು ಕ್ರಮದಿಂದ ತುಂಬಿ, ಕ್ರಮದಿಂದ ಬಳಸುವ ಬಗೆಯನ್ನು ಸೋದರಿಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಪೇಟೆಯಲ್ಲಿ ಧಾನ್ಯವಿರುವುದು ಬೇರೆ, ಮನೆಯಲ್ಲಿ ಧಾನ್ಯವಿರುವುದು ಬೇರೆ. ಈ ಮಾತಿಗೆ ಚರಿತ್ರೆಯೇ ಸಾಕ್ಷಿ. ಮುಂಬಯಿಯಿಂದ ಹೊರಟ ರೈಲುಮಾರ್ಗವು ಯಾದಗಿರಿಯ ಮೇಲೆ ಹಾದು, ೧೮೭೧ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗದೊಡನೆ ಕೂಡಿತು. ಇನ್ನು ದುರ್ಭಿಕ್ಷದ ಭಯವಿಲ್ಲವೆಂದು ಆಳುವವರು ತಿಳಿದಿರಬಹುದು. ಆದರೆ ಐದೇ ವರ್ಷಗಳ ತರುವಾಯ, ೧೮೭೬ರಿಂದ ೧೮೭೮ರವರೆಗೆ, ದಖ್ಖನಿನ ಮೇಲೆಲ್ಲಾ ಘೋರ ಕ್ಷಾಮವು ಬಿದ್ದಿತು. ರೈಲು ಇದ್ದೆಡೆಗೆ ಧಾನ್ಯವೇನೋ ಬಂದಿತು. ಅದನ್ನು ಕೊಳ್ಳುವ ಹಣವು ಬಡವರ ಕೈಯಲ್ಲಿರಲಿಲ್ಲ. ಬಂಡಿಗಟ್ಟಲೆ ಕಾಳು ಕಣ್ಣೆದುರಿಗೇ ಇದ್ದರೂ ಜನರು ಹಸಿವಿನಿಂದ ಸತ್ತರು. ೧೯೭೨ರ ಬರವನ್ನು ಕಂಡ ಹಿರಿಯರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಆ ವರ್ಷ ಹೇಗೆ ಕಳೆಯಿತೆಂದು ಅವರನ್ನು ಕೇಳಿದರೆ ಉಗ್ರಾಣದ ಬೆಲೆಯು ಈ ಲೇಖನಕ್ಕಿಂತ ಚೆನ್ನಾಗಿ ತಿಳಿಯುವುದು.

ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ಗಟ್ಟಿಯಾದ ಗರಸು ನೆಲದಲ್ಲಿ ಹಗೇವು ತೋಡಿ, ಒಳಗೆ ಸುತ್ತಲೂ ಒಣ ಹುಲ್ಲು ಹೊದಿಸಿ, ಜೋಳವನ್ನು ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲೆಯಲ್ಲಿ ಹುಳುಗಳು ಬದುಕಲಾರವು. ಧಾನ್ಯವು ವರ್ಷಗಟ್ಟಲೆ ಉಳಿಯುತ್ತಿತ್ತು. ಅದೇ ಗಾಳಿಯಿಲ್ಲದ ಗುಣವು ಮನುಷ್ಯನಿಗೂ ಮಾರಕವಾದುದರಿಂದ, ಹಗೇವನ್ನು ತೆರೆದ ಕೂಡಲೇ ಒಳಗಿಳಿಯದೆ, ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಎಲ್ಲಿಯಾದರೂ ಹಳೆಯ ಹಗೇವು ಉಳಿದಿದ್ದರೆ ಈ ಎಚ್ಚರವನ್ನು ಮರೆಯಬಾರದು. ಸಣ್ಣ ಮನೆಗಳಲ್ಲಿ ಸಗಣಿ ಸಾರಿಸಿದ ಕಣಜಗಳೂ ಮಣ್ಣಿನ ಗುಡಾಣಗಳೂ ಇದ್ದವು.

ಕಾಲವು ಬದಲಾಯಿತು. ನಾರಾಯಣಪುರದ ಅಣೆಕಟ್ಟು ೧೯೮೨ರಲ್ಲಿ ಮುಗಿದ ಮೇಲೆ ಎಡದಂಡೆಯ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಬಂದಿತು. ಜೋಳ ಬೆಳೆಯುತ್ತಿದ್ದ ಎಷ್ಟೋ ಭೂಮಿಯು ಬತ್ತಕ್ಕೂ ಹತ್ತಿಗೂ ಮೆಣಸಿನಕಾಯಿಗೂ ಸಂದಿತು. ಮೂರು ತಾಲೂಕುಗಳು ೨೦೦೯ರ ಡಿಸೆಂಬರ್ ೩೦ರಂದು ಕಲಬುರಗಿಯಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯೂ ಆದವು. ೨೦೧೩ರಲ್ಲಿ ಅನ್ನಭಾಗ್ಯವು ಆರಂಭವಾಗಿ ಪಡಿತರದ ಅಕ್ಕಿಯು ಬಡವರ ಮನೆಯನ್ನು ಮುಟ್ಟಿತು. ಇವೆಲ್ಲವೂ ಹಿತವಾದುವೇ ಸರಿ. ಆದರೆ ಹತ್ತಿ ಬೆಳೆದವನು ಹತ್ತಿಯನ್ನು ತಿನ್ನಲಾರನು. ಹಿಂದೆ ಹೊಲದಿಂದ ನೇರವಾಗಿ ಕಣಜಕ್ಕೆ ಬರುತ್ತಿದ್ದ ಜೋಳವನ್ನು ಈಗ ಕೊಳ್ಳಬೇಕಾಗಿದೆ. ಹಿಂದೆ ತಾನಾಗಿಯೇ ತುಂಬುತ್ತಿದ್ದ ಉಗ್ರಾಣವನ್ನು ಈಗ ಯೋಚಿಸಿ ತುಂಬಬೇಕಾಗಿದೆ.

ಯೋಚನೆಯ ಮೊದಲನೆಯ ಮೆಟ್ಟಿಲು ಲೆಕ್ಕ. ಐವರ ಸಂಸಾರಕ್ಕೆ ದಿನಕ್ಕೆ ೨ ಕಿಲೋ ಜೋಳ ಬೇಕೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ೭೩೦ ಕಿಲೋ, ಎಂದರೆ ಕ್ವಿಂಟಲಿನ ಚೀಲಗಳಲ್ಲಿ ಏಳು ಚೀಲದ ಮೇಲೆ ೩೦ ಕಿಲೋ ಆಯಿತು. ವಾರದಲ್ಲಿ ಎರಡು ದಿನ ಪಡಿತರದ ಅಕ್ಕಿಯಿಂದ ಊಟ ಸಾಗುವ ಮನೆಯಾದರೆ ಐದು ಚೀಲದ ಮೇಲೆ ಸ್ವಲ್ಪ ಇದ್ದರೆ ಸಾಕು. ತೊಗರಿ ಬೇಳೆ ದಿನಕ್ಕೆ ೧೫೦ ಗ್ರಾಂ ಎಂದರೆ ವರ್ಷಕ್ಕೆ ಸುಮಾರು ೫೫ ಕಿಲೋ. ಒಡೆದಾಗ ಮುಕ್ಕಾಲು ಪಾಲು ಬೇಳೆ ದೊರೆಯುವುದೆಂದು ಹಿಡಿದರೆ ೭೫ ಕಿಲೋ ತೊಗರಿಯನ್ನು ಎತ್ತಿಡಬೇಕು. ಹೀಗೆಯೇ ಶೇಂಗಾ, ಬೆಲ್ಲ, ಹುಣಸೆ, ಮೆಣಸಿನಕಾಯಿ, ಉಪ್ಪು, ಎಣ್ಣೆಗಳಿಗೂ ಒಂದೊಂದು ತಿಂಗಳ ಖರ್ಚನ್ನು ಬರೆದಿಟ್ಟು ಹನ್ನೆರಡರಿಂದ ಗುಣಿಸಿದರೆ ಮನೆಯ ಪಾಲು ಎಷ್ಟೆಂಬುದು ಗೊತ್ತಾಗುವುದು.

ಎರಡನೆಯ ಮೆಟ್ಟಿಲು ಲೆಕ್ಕಕ್ಕಿಂತ ಕಠಿಣವಾದುದು. ರಾಶಿಯಾದ ದಿನ ಮೊದಲು ಅಳೆಯುವುದು ಯಾರ ಪಾಲನ್ನು? ಸಾಲಗಾರನ ಪಾಲು, ಬೀಜ ಗೊಬ್ಬರದ ಅಂಗಡಿಯ ಪಾಲು, ಅಡತಿಯ ಪಾಲು, ಇವೆಲ್ಲ ಹೋದ ಮೇಲೆ ಉಳಿದದ್ದು ಮನೆಗೆ ಎಂಬ ರೂಢಿಯೇ ಅನೇಕ ಕಡೆ ನಡೆದಿದೆ. ಇದನ್ನು ತಿರುಗಿಸಬೇಕು. ಚೀಲಗಳು ಪೇಟೆಗೆ ಹೊರಡುವ ಮುನ್ನವೇ ಮನೆಯ ಪಾಲನ್ನು ಅಳೆದು ಒಳಗೆ ಹಾಕತಕ್ಕದ್ದು. ಮನೆಯ ಯಜಮಾನರು ಸಾಲದ ಭಾರವನ್ನು ನೆನೆದು ಇದಕ್ಕೆ ಹಿಂಜರಿಯುವುದು ಸಹಜವೇ. ಆದರೆ ಆಷಾಢದಲ್ಲಿ ಊಟಕ್ಕಾಗಿ ಮಾಡುವ ಹೊಸ ಸಾಲವು ಹಳೆಯದರ ಮೇಲೆಯೇ ಏರುವುದೆಂಬುದನ್ನು ಗೃಹಿಣಿಯು ಲೆಕ್ಕದ ಪುಸ್ತಕ ಹಿಡಿದು ಶಾಂತವಾಗಿ ತೋರಿಸಿದರೆ ಒಪ್ಪದವರು ವಿರಳ. ಹತ್ತಿ ಮಾರಿದ ಮನೆಯವರು, ಹಣ ಕೈಗೆ ಬಂದ ವಾರದಲ್ಲೇ, ಸುಗ್ಗಿಯ ಧಾರಣೆಯಿರುವಾಗ ವರ್ಷದ ಜೋಳವನ್ನು ಕೊಂಡುಬಿಡಬೇಕು.

ಹೊಲವಿಲ್ಲದವರು ಏನು ಮಾಡಬೇಕೆಂದು ಕೇಳಬಹುದು. ಕೂಲಿಯ ಮನೆಯಲ್ಲಿ ಏಳು ಚೀಲದ ಮಾತು ಎತ್ತುವುದೇ ಕ್ರೂರವಾದೀತು. ಅಂತಹ ಮನೆಗೆ ಮುಷ್ಟಿಯ ಪದ್ಧತಿಯಿದೆ. ಹಿಟ್ಟಿಗೆ ಜೋಳ ಅಳೆಯುವಾಗ ದಿನವೂ ಮೂರು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು. ಮೂರು ಹಿಡಿ ಸುಮಾರು ೧೫೦ ಗ್ರಾಂ ಆದರೆ, ಕೆಲಸ ದೊರೆಯುವ ನಾಲ್ಕು ತಿಂಗಳಲ್ಲಿ ೧೮ ಕಿಲೋ ಕೂಡುವುದು. ಅದು ಕೆಲಸವಿಲ್ಲದ ಒಂಬತ್ತು ದಿನಗಳ ರೊಟ್ಟಿ. ಒಂಬತ್ತು ದಿನ ಅಂಗಡಿಯ ಮುಂದೆ ನಿಲ್ಲದಿರುವುದು ಅಲ್ಪವಾದ ಸ್ವಾತಂತ್ರ್ಯವಲ್ಲ. ನಾಲ್ಕಾರು ಮನೆಯ ಹೆಂಗಸರು ಸೇರಿ, ಸ್ತ್ರೀಶಕ್ತಿ ಸಂಘದವರಿದ್ದರೆ ಸಂಘದ ಮೂಲಕ, ಸುಗ್ಗಿಯಲ್ಲಿ ಒಟ್ಟಾಗಿ ಚೀಲ ಕೊಂಡು ಹಂಚಿಕೊಂಡರೆ ಧಾರಣೆಯಲ್ಲಿಯೂ ಉಳಿತಾಯವಾಗುವುದು.

ಉಗ್ರಾಣವು ಒಂದು ದಿನದಲ್ಲಿ ತುಂಬುವುದಿಲ್ಲ. ಅದು ಋತುಗಳೊಡನೆ ನಡೆಯುವುದು. ದೀಪಾವಳಿಯ ಸುಮಾರಿಗೆ ಶೇಂಗಾ, ಸಂಕ್ರಾಂತಿಯ ವೇಳೆಗೆ ತೊಗರಿ, ಮಹಾಶಿವರಾತ್ರಿಯ ಬಳಿಕ ಜೋಳ, ಹುಣಸೆ, ಮೆಣಸಿನಕಾಯಿ. ಯುಗಾದಿಯ ನಂತರದ ಬಿಸಿಲು ಹಪ್ಪಳ, ಸಂಡಿಗೆ, ಶಾವಿಗೆಗಳಿಗೆ. ಮಾವು ಬಂದಾಗ ಉಪ್ಪಿನಕಾಯಿ. ಕಾರಹುಣ್ಣಿಮೆಯ ಹೊತ್ತಿಗೆ ಎಲ್ಲವೂ ಒಳಗಿರಬೇಕು. ಶ್ರಾವಣದಲ್ಲಿ ನಾಗರಪಂಚಮಿಯ ಉಂಡೆಗೆ ಬೆಲ್ಲವನ್ನೂ ಶೇಂಗಾವನ್ನೂ ಉದ್ರಿ ತಾರದ ಮನೆಯೇ ವರ್ಷದ ಲೆಕ್ಕದಲ್ಲಿ ಗೆದ್ದ ಮನೆಯೆನ್ನಬಹುದು.

ಇನ್ನು ಕಾಪಾಡುವ ಬಗೆ. ಕಾಳನ್ನು ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿ, ಬಿಸಿಲಿನ ಕಾವು ಆರಿದ ಮೇಲೆಯೇ ತುಂಬಬೇಕು. ಬಿಸಿಯಿರುವಾಗ ತುಂಬಿದರೆ ಒಳಗೆ ಬೆವರಿ ಬೂಸಲು ಹಿಡಿಯುವುದು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಕಿಸದೆ ಹಲಗೆಯ ಮೇಲಿಡಬೇಕು. ನೆರಳಲ್ಲಿ ಒಣಗಿಸಿದ ಬೇವಿನೆಲೆಯನ್ನು ನಡುನಡುವೆ ಹಾಕುವುದು ಹಳೆಯ ಪದ್ಧತಿ. ಇಡೀ ತೊಗರಿಗೆ ಹುಳು ಬೇಗ ಬೀಳುವುದರಿಂದ ಬೇಳೆ ಮಾಡಿಡುವುದು ಮೇಲು. ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿದರೆ ಹುಳುವಿನ ಮೊಟ್ಟೆ ನಿಲ್ಲದು. ಅಂಗಡಿಯಲ್ಲಿ ದೊರೆಯುವ ವಿಷದ ಮಾತ್ರೆಗಳನ್ನು ಜನವಾಸದ ಮನೆಯಲ್ಲಿ ಎಂದಿಗೂ ಇಡಬಾರದು. ಅದರಿಂದ ಹೊರಡುವ ಗಾಳಿಯು ಹುಳುವನ್ನು ಕೊಲ್ಲುವಂತೆಯೇ ಮಲಗಿದ ಮಕ್ಕಳನ್ನೂ ಕೊಲ್ಲಬಲ್ಲದು. ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಇಟ್ಟು, ತಂದದ್ದು, ತೆಗೆದದ್ದು, ಉಳಿದದ್ದು ಎಂಬ ಮೂರು ಕಲಮುಗಳ ಪುಸ್ತಕವನ್ನು ಉಗ್ರಾಣದ ಬಾಗಿಲಿಗೆ ತೂಗುಹಾಕಿದರೆ, ವರ್ಷದ ಲೆಕ್ಕ ಕಣ್ಣಿಗೆ ಕಾಣುವುದು.

ವರ್ಷದ ಉಗ್ರಾಣದ ಜೊತೆಗೆ ಆಪತ್ಕಾಲಕ್ಕೆಂದು ಒಂದು ಚಿಕ್ಕ ಕಪಾಟು ಬೇರೆಯೇ ಇರಬೇಕು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ೨೦೨೦ರ ಅಕ್ಟೋಬರಿನಲ್ಲಿ ಭೀಮೆಯೂ ದಡ ಮೀರಿ ಊರುಗಳನ್ನು ನುಗ್ಗಿದುದನ್ನು ಈ ಸೀಮೆ ಕಂಡಿದೆ. ೨೦೨೦ರ ಮಾರ್ಚ್ ೨೫ರಿಂದ ಮಹಾಮಾರಿಯ ಕಾರಣ ದೇಶವೆಲ್ಲ ಬಾಗಿಲು ಹಾಕಿದಾಗ ಸಂತೆಗಳೂ ಬಸ್ಸುಗಳೂ ಒಮ್ಮೆಗೇ ನಿಂತವು. ಗುಳೆ ಹೋದವರು ಬರಿಗೈಯಲ್ಲಿ ಊರಿಗೆ ಮರಳಿದರು. ಇಂತಹ ವೇಳೆಯಲ್ಲಿ ಜೋಳದ ಚೀಲವೊಂದೇ ಸಾಲದು. ವಿದ್ಯುತ್ತು ಹೋದರೆ ಗಿರಣಿ ನಿಲ್ಲುವುದು, ಕಾಳು ಕಾಳಾಗಿಯೇ ಉಳಿಯುವುದು. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದರಿಂದ ಹಿಟ್ಟನ್ನು ಬಹಳ ಕಾಲ ಕೂಡಿಡಲೂ ಬಾರದು. ಆದಕಾರಣ ಹತ್ತು ಹದಿನೈದು ದಿನಗಳಿಗೆ ಸಾಲುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅವಲಕ್ಕಿ, ಚುರುಮುರಿ, ಪುಟಾಣಿ, ಬೆಲ್ಲ, ಅಕ್ಕಿಗಳನ್ನು ಮುಚ್ಚಳದ ಡಬ್ಬಿಗಳಲ್ಲಿ, ನೀರು ಮುಟ್ಟದ ಎತ್ತರದಲ್ಲಿ ಇಡಬೇಕು. ಜೊತೆಗೆ ಕಡ್ಡಿಪೆಟ್ಟಿಗೆ, ದೀಪ, ಮುಚ್ಚಿದ ಕೊಡಗಳಲ್ಲಿ ನೀರು, ನಿತ್ಯದ ಔಷಧಿ. ಪಡಿತರ ಚೀಟಿ ಮೊದಲಾದ ಕಾಗದಗಳು ಪ್ಲಾಸ್ಟಿಕ್ ಚೀಲದಲ್ಲಿ. ಪ್ರವಾಹದ ತರುವಾಯ ಭೇದಿ ಹರಡುವುದು ಸಾಮಾನ್ಯ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದರೆ, ವೈದ್ಯರಲ್ಲಿಗೆ ಒಯ್ಯುವವರೆಗೆ ಮಗುವಿನ ಜೀವ ಉಳಿಯಬಹುದು.

ಹೀಗೆಂದು ಉಗ್ರಾಣವು ಎಲ್ಲವನ್ನೂ ಕೊಡಬಲ್ಲದೆಂದು ತಿಳಿಯಬಾರದು. ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ ೨೦೧೪ರ ಮಳೆಗಾಲದಲ್ಲಿ ದಿನ ತುಂಬಿದ ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ತುಂಬಿದ ಹೊಳೆಯನ್ನು ಈಜಿ ಆಚೆಯ ದಡ ಸೇರಿದಳು. ದ್ವೀಪದಲ್ಲಿ ಹೆರಿಗೆಗೆ ವೈದ್ಯರಿರಲಿಲ್ಲ. ಸೂಲಗಿತ್ತಿಯನ್ನಾಗಲಿ ಸೇತುವೆಯನ್ನಾಗಲಿ ಡಬ್ಬಿಯಲ್ಲಿ ತುಂಬಿಡಲು ಬರುವುದಿಲ್ಲ. ಅವು ಸರಕಾರದ ಹೊಣೆ, ಊರಿನ ಹೊಣೆ. ಗೃಹಿಣಿಯು ಮಾಡಬಹುದಾದದ್ದು ಮಳೆಗಾಲದ ಮುನ್ನವೇ ಬಸುರಿ ಬಾಣಂತಿಯರನ್ನೂ ವೃದ್ಧರನ್ನೂ ಕ್ಷೇಮವಾದ ಕಡೆಗೆ ಕಳುಹಿಸುವ ಏರ್ಪಾಡು ಮಾತ್ರ.

ತನ್ನ ಮನೆಗೆ ಬೇಕಾದಷ್ಟನ್ನು ಸುಗ್ಗಿಯಲ್ಲಿ ಎತ್ತಿಡುವುದು ದುರಾಶೆಯಲ್ಲ. ಅಭಾವ ಬಂದ ಮೇಲೆ ಗಾಬರಿಯಿಂದ ಅಂಗಡಿಯನ್ನು ಬರಿದು ಮಾಡುವುದೇ ಪರರ ಪಾಲನ್ನು ಕಸಿದಂತೆ. ತುಂಬಿದ ಉಗ್ರಾಣವುಳ್ಳ ಮನೆಯವಳು ಕಷ್ಟಕಾಲದಲ್ಲಿ ನೆರೆಯ ಮನೆಗೆ ಒಂದು ಸೇರು ಜೋಳ ಅಳೆದು ಕೊಡಬಲ್ಲಳು. ಮುಂದಿನ ರಾಶಿಯ ದಿನ, ಚೀಲದ ಬಾಯಿ ಹೊಲಿಯುವ ಮುನ್ನ, ಮನೆಯ ಪಾಲನ್ನು ಅಳೆಯಿರೆಂದು ಪ್ರತಿಯೊಬ್ಬ ಸೋದರಿಯೂ ಹೇಳಲಿ. ಆ ಒಂದು ಮಾತಿನಿಂದ ಆಷಾಢದ ಉದ್ರಿಯ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾಗುವುದು.