ಬಿಳಿಯ ಬಟ್ಟೆಯ ಆಕಾಶ

1952ರ ಅಕ್ಟೋಬರ್ ತಿಂಗಳು. ಬಂಗಾಳದ ಪಾಲ್ಸಿಟ್ ಗ್ರಾಮದ ಬಳಿ, ರೈಲುಹಾದಿಯ ಬದಿಯ ಬಯಲಿನಲ್ಲಿ ಕಾಶದ ಹೂ ಬೆಳ್ಳಗೆ ಅರಳಿ ನಿಂತಿದ್ದಿತು. ಅಕ್ಕನನ್ನು ಅರಸುತ್ತ ಆ ಹೂಗಳ ನಡುವೆ ಬರುವ ಪುಟ್ಟ ಹುಡುಗನ ಚಿತ್ರವನ್ನು ತೆಗೆಯಲು ಸಣ್ಣ ತಂಡವೊಂದು ಅಣಿಯಾಗಿದ್ದಿತು. ಅದರ ನಿರ್ದೇಶಕ ಸತ್ಯಜಿತ್ ರಾಯ್ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರ ಚಿತ್ರಕಾರರು; ಅದುವರೆಗೆ ಒಂದು ಚಲಚ್ಚಿತ್ರವನ್ನೂ ನಿರ್ದೇಶಿಸಿದವರಲ್ಲ. ಕ್ಯಾಮೆರಾದ ಹಿಂದೆ ನಿಂತಿದ್ದ ಸುಬ್ರತ ಮಿತ್ರ ಇಪ್ಪತ್ತೆರಡರ ತರುಣ. ಒಂದು ಚಿತ್ರಕ್ಕೂ ಛಾಯಾಗ್ರಹಣ ಮಾಡಿದವರಲ್ಲ.

ಇಂತಹವರ ಕೈಯಲ್ಲಿ ‘ಪಥೇರ್ ಪಾಂಚಾಲಿ’ ಮೂಡಿಬಂದಿತೆಂದರೆ ಯಾರಿಗಾದರೂ ಅಚ್ಚರಿಯೆನಿಸದಿರದು. ಆದರೆ ಅದರಲ್ಲಿ ಪವಾಡವೇನೂ ಇಲ್ಲ.

ಸುಬ್ರತರಿಗೆ ಕ್ಯಾಮೆರಾದ ಹುಚ್ಚು ಮೊದಲಿನಿಂದಲೂ ಇದ್ದಿತು. ಕೆಲಸ ಮಾತ್ರ ಸಿಕ್ಕಿರಲಿಲ್ಲ. ಫ್ರಾನ್ಸಿನ ಪ್ರಸಿದ್ಧ ನಿರ್ದೇಶಕ ಝಾನ್ ರೆನ್ವಾರ್ ‘ದಿ ರಿವರ್’ ಚಿತ್ರಕ್ಕಾಗಿ ಕಲ್ಕತ್ತೆಗೆ ಬಂದಾಗ, ಅಲ್ಲಿಯೂ ಕೆಲಸ ದೊರೆಯದೆ, ಕೇವಲ ನೋಡಲು ಅನುಮತಿ ದೊರೆಯಿತು. ತರುಣನಿಗೆ ಅಷ್ಟೇ ಸಾಕಾಯಿತು. ದೀಪ ಎಲ್ಲಿತ್ತು, ನಟರು ಎತ್ತ ನಡೆದರು, ಕ್ಯಾಮೆರಾ ಎತ್ತ ಚಲಿಸಿತು ಎಂಬುದನ್ನೆಲ್ಲ ಅವರು ಪುಸ್ತಕದಲ್ಲಿ ಗೆರೆ ಎಳೆದು ಬರೆದಿಟ್ಟರು. ಒಮ್ಮೆ ದೃಶ್ಯವೊಂದನ್ನು ಮತ್ತೆ ತೆಗೆಯಬೇಕಾಗಿ ಬಂದಾಗ, ದೀಪಗಳ ಹಳೆಯ ವ್ಯವಸ್ಥೆಯನ್ನು ತಿಳಿಯಲು ಛಾಯಾಗ್ರಾಹಕ ಕ್ಲಾಡ್ ರೆನ್ವಾರ್ ಅವರೇ ಆ ಪುಸ್ತಕವನ್ನು ಕೇಳಿ ನೋಡಿದರು. ರಜಾದಿನಗಳಲ್ಲಿ ಅಲ್ಲಿಗೆ ಬರುತ್ತಿದ್ದ ರಾಯ್ ಅವರ ಪರಿಚಯವಾದುದೂ ಅಲ್ಲಿಯೇ.

ಆದರೆ ನೋಡುವುದು ಬೇರೆ, ಮಾಡುವುದು ಬೇರೆ. ಮಳೆಯಲ್ಲಿ, ಸಂಜೆಯ ಮಂದ ಬೆಳಕಿನಲ್ಲಿ ಹೊರಾಂಗಣದ ಚಿತ್ರ ತೆಗೆಯುವುದು ಆಗದ ಮಾತೆಂದು ವೃತ್ತಿಯಲ್ಲಿ ಪಳಗಿದವರು ಹೇಳುತ್ತಿದ್ದರು. ವಾದ ಹೂಡಿ ಫಲವೇನು? ಒಂದು 16 ಮಿಲಿಮೀಟರ್ ಕ್ಯಾಮೆರಾವನ್ನು ಎರವಲು ತಂದು, ಮಳೆಗಾಲದಲ್ಲಿ ಹಳ್ಳಿಗೆ ಹೋಗಿ, ಕೆಸರು ತುಳಿಯುತ್ತ, ಮಾವಿನ ತೋಪಿನ ನೆರಳಿನಲ್ಲಿ, ಸುರಿಯುವ ಮಳೆಯಲ್ಲಿ, ಇಳಿಹೊತ್ತಿನಲ್ಲಿ ಅವರು ಚಿತ್ರ ತೆಗೆದು ನೋಡಿದರು. ಎಲ್ಲವೂ ಮೂಡಿದ್ದಿತು! ಹತ್ತು ಜನರ ಉಪದೇಶಕ್ಕಿಂತ ಆ ಸಣ್ಣ ಫಿಲಂ ಸುರುಳಿ ಹೆಚ್ಚು ಧೈರ್ಯ ನೀಡಿತು.

ಕಾಶದ ಬಯಲಿನಲ್ಲಿ ಕಾದಿದ್ದುದು ಬೇರೊಂದು ಪಾಠ. ಹುಡುಗ ಕ್ಯಾಮೆರಾದ ಮುಂದೆ ಮರದ ಗೊಂಬೆಯಂತೆ ನಡೆದನು. ‘ಸಹಜವಾಗಿ ನಡೆ’ ಎಂದರೆ ಮಗುವಿಗೆ ಅರ್ಥವಾದೀತೇ? ರಾಯ್ ಅವನ ದಾರಿಯಲ್ಲಿ ಸಣ್ಣಪುಟ್ಟ ಅಡೆತಡೆಗಳನ್ನಿರಿಸಿದರು. ಹೂಗಳ ಮರೆಯಲ್ಲಿ ಅಲ್ಲಲ್ಲಿ ಸಹಾಯಕರನ್ನು ಕುಳ್ಳಿರಿಸಿ ಕೂಗಿಸಿದರು. ದಾಟುತ್ತ, ತಿರುಗಿ ನೋಡುತ್ತ ಬಂದ ಹುಡುಗ ನಿಜವಾಗಿಯೂ ಅಕ್ಕನನ್ನು ಅರಸುವವನಂತೆ ಕಂಡನು. ಒಂದು ದಿನದ ಕೆಲಸ ಹತ್ತಾರು ಪುಸ್ತಕಗಳು ಕಲಿಸದುದನ್ನು ಕಲಿಸಿತೆಂದು ರಾಯ್ ಮುಂದೆ ಬರೆದರು.

ಮುಂದಿನ ವಾರ ಮರಳಿ ಬಂದು ನೋಡಿದರೆ ಬಯಲು ಬರಿದಾಗಿದ್ದಿತು. ಹೂಗಳನ್ನು ದನಗಳು ಮೇದುಬಿಟ್ಟಿದ್ದವು! ಆ ದೃಶ್ಯಕ್ಕಾಗಿ ಮರುವರ್ಷದ ಹೂವಿನ ಕಾಲದವರೆಗೆ ಕಾಯಬೇಕಾಯಿತು. ಹಣದ ಕೊರತೆ ಅದಕ್ಕಿಂತ ದೊಡ್ಡದು. ವಿಮೆಯ ಮೇಲಿನ ಸಾಲ, ಮಾರಿದ ಪುಸ್ತಕಗಳು, ಒತ್ತೆಯಿಟ್ಟ ಪತ್ನಿಯ ಒಡವೆಗಳು ಎಲ್ಲವೂ ಫಿಲಮ್ಮಾಗಿ ಕರಗಿದವು. ಕೆಲಸ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಚಿತ್ರ ಮುಗಿದು 1955ರಲ್ಲಿ ತೆರೆಕಂಡಿತು. ಮರುವರ್ಷ ಕ್ಯಾನ್ ಉತ್ಸವದಲ್ಲಿ ಗೌರವ ಪಡೆಯಿತು.

ಆದರೆ ಸುಬ್ರತರು ಗಳಿಸಿದ ಆತ್ಮವಿಶ್ವಾಸದ ನಿಜವಾದ ಪರೀಕ್ಷೆ ನಡೆದುದು ಮುಂದಿನ ಚಿತ್ರ ‘ಅಪರಾಜಿತೊ’ದಲ್ಲಿ. ಕಾಶಿಯ ಮನೆಯೊಂದರ ಅಂಗಳವನ್ನು ಕಟ್ಟಬೇಕಾಗಿದ್ದಿತು. ಮಳೆಗೆ ಹೆದರಿ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಅದನ್ನು ಕಲ್ಕತ್ತೆಯ ಸ್ಟುಡಿಯೋದ ಒಳಗೆ ಕಟ್ಟುವೆನೆಂದರು. ಸುಬ್ರತರು ಒಪ್ಪಲಿಲ್ಲ. ಅಂತಹ ಅಂಗಳಕ್ಕೆ ಬಿಸಿಲು ನೇರವಾಗಿ ಬೀಳದು. ಮೇಲಿನ ಆಕಾಶದಿಂದ ಬೆಳಕು ಮೆಲ್ಲನೆ ಇಳಿಯುತ್ತದೆ, ನೆರಳು ಮಸುಕಾಗಿರುತ್ತದೆ. ಸ್ಟುಡಿಯೋದ ದೀಪಗಳೋ ಒಂದೊಂದೂ ಗಡುಸಾದ ನೆರಳನ್ನು ಚೆಲ್ಲುವಂತಹವು.

ವಾದದಲ್ಲಿ ಅವರು ಸೋತರು. ಸೋತ ಮೇಲೆ ಯೋಚಿಸಿದರು. ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಚಪ್ಪರದಂತೆ ಬಿಗಿದು ಕಟ್ಟಿಸಿ, ದೀಪಗಳನ್ನು ಕೆಳಗಿನಿಂದ ಬಟ್ಟೆಗೆ ತಿರುಗಿಸಿದರು. ಬಟ್ಟೆಗೆ ತಾಗಿ ಹಿಂದಿರುಗಿದ ಬೆಳಕು ನಿಜವಾದ ಹಗಲಿನಂತೆ ಅಂಗಳದಲ್ಲಿ ಹರಡಿತು. ಹೀಗೆ ಪ್ರತಿಫಲಿಸಿದ ಬೆಳಕಿನಲ್ಲಿ ಚಿತ್ರ ತೆಗೆಯುವ ಕ್ರಮಕ್ಕೆ ದಾರಿ ತೋರಿದವರಲ್ಲಿ ಒಬ್ಬರೆಂದು ಲೋಕ ಅವರನ್ನು ಇಂದಿಗೂ ಸ್ಮರಿಸುತ್ತದೆ. 1957ರಲ್ಲಿ ಆ ಚಿತ್ರ ವೆನಿಸ್ ಉತ್ಸವದ ಸ್ವರ್ಣಸಿಂಹವನ್ನು ಪಡೆಯಿತು.

ಸುಬ್ರತರು ಯಂತ್ರವನ್ನೆಲ್ಲ ಅರಿತ ಮೇಲೆ ಕೆಲಸಕ್ಕೆ ಇಳಿದವರಲ್ಲ. ಒಂದು ಮಳೆ, ಒಂದು ಹೂವಿನ ಬಯಲು, ಒಂದು ಅಂಗಳ: ಅಂದಿನ ಚಿತ್ರಕ್ಕೆ ಬೇಕಾದುದನ್ನು ಅಂದು ಕಲಿತರು. ಕಥೆಯನ್ನು ಹೇಳಲೇಬೇಕೆಂಬ ಹಂಬಲ ಮುಂದೆ ನಡೆಯಿತು. ಯಂತ್ರದ ಭಯ ಹಿಂದೆ ಉಳಿಯಿತು.

ಈಗ ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿದೆ. ಹೊಸ ಯಂತ್ರದ ಮುಂದೆ ಕೈ ನಡುಗುವವರಾದರೋ ಇಂದಿಗೂ ಇದ್ದಾರೆ. ಅವರು ಯಂತ್ರದ ವಿವರಗಳ ಪುಸ್ತಕವನ್ನು ಒಂದು ಗಳಿಗೆ ಬದಿಗಿಟ್ಟು, ‘ಇದರಿಂದ ನಾನು ಏನನ್ನು ಮಾಡಬಯಸುತ್ತೇನೆ?’ ಎಂದು ಕೇಳಿಕೊಳ್ಳಲಿ. ಉತ್ತರ ದೊರೆತರೆ, ಬೆಳಕಿಗೆ ಒಂದು ತುಂಡು ಬಿಳಿಯ ಬಟ್ಟೆಯೂ ಸಾಕಾದೀತು.