ಪರ್ಷಿಯನ್ ಬೆಕ್ಕನ್ನು ದತ್ತು ತರುವ ಮುನ್ನ

ನಮ್ಮ ತರಗತಿಯಲ್ಲಿ ಬೆಕ್ಕು ಸಾಕಿರುವವರು ಯಾರು ಎಂದು ಕೇಳಿದರೆ ಐದಾರು ಕೈಗಳು ಮೇಲೇಳುತ್ತವೆ. ಅವರಲ್ಲಿ ಪರ್ಷಿಯನ್ ಇರುವವರು ಕೈ ಎತ್ತುವುದರ ಜೊತೆಗೆ ಮೊಬೈಲಿನಲ್ಲಿ ಫೋಟೊವನ್ನೂ ತೆಗೆಯುತ್ತಾರೆ. ನಾನೂ ಅದೇ ಗುಂಪಿನವಳು. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಮಿಶ್ರಿ ಬಂತು. ಬಿಳಿ ಬಣ್ಣ, ಉದ್ದ ಕೂದಲು, ತಾಮ್ರದಂಥ ಕಣ್ಣು, ವಯಸ್ಸು ಆಗ ಸುಮಾರು ನಾಲ್ಕು ವರ್ಷ. ಅಂಗಡಿಯಿಂದ ತಂದದ್ದಲ್ಲ, ಪ್ರಾಣಿಗಳ ಆಶ್ರಯಧಾಮದಿಂದ ತಂದದ್ದು. ಅದರ ಜೊತೆಗೆ ಒಂದು ಸ್ಕ್ಯಾನಿಂಗ್ ರಿಪೋರ್ಟ್ ಕೂಡ ಬಂತು.

ರಿಪೋರ್ಟಿನಲ್ಲಿದ್ದದ್ದು ಇಷ್ಟು: ಎರಡೂ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳಿವೆ. ಮರಿಯಾಗಿದ್ದಾಗ ಇದನ್ನು ದುಡ್ಡು ಕೊಟ್ಟು ಕೊಂಡಿದ್ದ ಮನೆಯವರು ಈ ಸುದ್ದಿ ತಿಳಿದ ಮೇಲೆ ಬೆಕ್ಕನ್ನೂ ಪಂಜರವನ್ನೂ ಆಶ್ರಯಧಾಮದಲ್ಲಿ ಬಿಟ್ಟು ಹೋಗಿದ್ದರಂತೆ. ಅಲ್ಲಿನ ಕಾರ್ಯಕರ್ತೆ ನಮ್ಮಿಂದ ಏನನ್ನೂ ಮುಚ್ಚಿಡಲಿಲ್ಲ. "ಈಗಲೇ ಹೂಂ ಅನ್ನಬೇಡಿ. ಮನೆಯವರೆಲ್ಲ ಕೂತು ಮಾತಾಡಿ, ಡಾಕ್ಟರನ್ನೂ ಕೇಳಿ, ಒಂದು ವಾರ ಬಿಟ್ಟು ಬನ್ನಿ" ಎಂದರು. ಆ ವಾರದಲ್ಲಿ ನಾನು ಓದಿದ್ದು, ಪಶುವೈದ್ಯರನ್ನು ಕೇಳಿ ತಿಳಿದದ್ದು, ಆಮೇಲೆ ಸಾಕುತ್ತಾ ಕಲಿತದ್ದು ಎಲ್ಲ ಸೇರಿ ಈ ಲೇಖನ.

ಮೊದಲು ಈ ತಳಿಯ ಬಗ್ಗೆ. ಸುಮಾರು 1620ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇರಾನಿನ ಖೊರಾಸಾನ್ ಪ್ರಾಂತ್ಯದ ಉದ್ದ ಕೂದಲಿನ ಬೆಕ್ಕುಗಳನ್ನು ತನ್ನ ದೇಶಕ್ಕೆ ತಂದ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಶ್ರೀಮಂತರಿಗೆ ಇಂಥ ಬೆಕ್ಕುಗಳ ಹುಚ್ಚು ಹಿಡಿಯಿತು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವಿಯರ್ ಎಂಬವರು ದೊಡ್ಡ ಬೆಕ್ಕಿನ ಪ್ರದರ್ಶನ ನಡೆಸಿದರು. ಅಲ್ಲಿಂದ ಮುಂದೆ ಬಹುಮಾನಕ್ಕಾಗಿ ಬೆಕ್ಕು ಬೆಳೆಸುವುದೇ ಒಂದು ಕಸುಬಾಯಿತು. ತಮಾಷೆ ಏನೆಂದರೆ, ಇಂದಿನ ಪರ್ಷಿಯನ್ ಬೆಕ್ಕುಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ ಅವು ಇರಾನಿನ ಕಡೆಯ ಬೆಕ್ಕುಗಳಿಗಿಂತ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರ ಎಂದು ಕಂಡುಬಂತು. ಇದನ್ನು ದಾದಿಗೆ ಹೇಳಿದೆ. "ಹಾಗಾದರೆ ಇದಕ್ಕೆ ಫಾರ್ಸಿ ಬರಲ್ಲ ಅನ್ನು" ಎಂದು ನಕ್ಕರು.

ಬಹುಮಾನ ಗೆದ್ದ ಗಂಡು ಬೆಕ್ಕಿನಿಂದಲೇ ಎಲ್ಲರಿಗೂ ಮರಿ ಬೇಕು. ಮುಖ ಇನ್ನಷ್ಟು ಚಪ್ಪಟೆ, ಕೂದಲು ಇನ್ನಷ್ಟು ಉದ್ದ ಆಗಬೇಕು ಎಂದು ಹತ್ತಿರದ ಸಂಬಂಧದಲ್ಲೇ ಜೋಡಿ ಮಾಡಿಸುತ್ತಾ ಹೋದರು. ಚಂದದ ಜೊತೆಗೆ ಒಳಗಿದ್ದ ದೋಷವೂ ಮರಿಯಿಂದ ಮರಿಗೆ ಸಾಗಿತು.

ಮಿಶ್ರಿಗೆ ಇರುವ ಕಾಯಿಲೆಯ ಹೆಸರು ಪಾಲಿಸಿಸ್ಟಿಕ್ ಕಿಡ್ನಿ ಡಿಸೀಸ್, ಚಿಕ್ಕದಾಗಿ ಪಿಕೆಡಿ. ಪಿಕೆಡಿ1 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಅದರಿಂದ ತಯಾರಾಗಬೇಕಾದ ಪ್ರೋಟೀನು ಅರ್ಧಕ್ಕೇ ನಿಂತುಹೋಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 2004ರಲ್ಲಿ ಇದನ್ನು ಗುರುತಿಸಿದರು. ಮನುಷ್ಯರಲ್ಲೂ ಇದೇ ಜೀನ್ ಕೆಟ್ಟರೆ ಇಂಥದ್ದೇ ಕಾಯಿಲೆ ಬರುತ್ತದೆ. ಗುಳ್ಳೆಗಳು ಮರಿ ಹುಟ್ಟುವಾಗಲೇ ಇರುತ್ತವೆ, ಆದರೆ ಬಹಳ ಸಣ್ಣವು. ವರ್ಷಗಳು ಕಳೆದಂತೆ ಅವುಗಳಲ್ಲಿ ನೀರು ತುಂಬಿ ದೊಡ್ಡದಾಗುತ್ತವೆ, ಅಕ್ಕಪಕ್ಕದ ಒಳ್ಳೆಯ ಭಾಗವನ್ನು ಒತ್ತಿ ಕೆಡಿಸುತ್ತವೆ. ಸಾಮಾನ್ಯವಾಗಿ ಏಳು ವರ್ಷದ ಹೊತ್ತಿಗೆ ಮೂತ್ರಪಿಂಡ ಸೋಲತೊಡಗುತ್ತದೆ. ಕೆಲವಕ್ಕೆ ಮೂರಕ್ಕೇ ಆಗಬಹುದು. ಇನ್ನು ಕೆಲವು ಗುಳ್ಳೆಗಳನ್ನು ಇಟ್ಟುಕೊಂಡೇ ಪೂರ್ತಿ ಆಯಸ್ಸು ಬದುಕಿ ಬೇರೆ ಕಾರಣಕ್ಕೆ ಸಾಯುತ್ತವೆ. ಯಾವ ಬೆಕ್ಕಿಗೆ ಯಾವ ದಾರಿ ಎಂದು ಮೊದಲೇ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಗುಳ್ಳೆಗಳನ್ನು ಹೋಗಲಾಡಿಸುವ ಔಷಧಿ ಇಲ್ಲ.

ಇದರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ವಿಷಯ ಬೇರೆಯೇ. ಮೂತ್ರಪಿಂಡದ ಮುಕ್ಕಾಲು ಭಾಗ ಕೆಡುವವರೆಗೆ ರಕ್ತದ ಕ್ರಿಯಾಟಿನಿನ್ ಪ್ರಮಾಣ ಮಿತಿ ದಾಟದೇ ಇರಬಹುದು. ಬೆಕ್ಕು ತಿನ್ನುತ್ತದೆ, ಆಡುತ್ತದೆ, ಕಿಟಕಿಯಲ್ಲಿ ಕೂತು ಪಾರಿವಾಳ ನೋಡುತ್ತದೆ. ಒಳಗೆ ಮಾತ್ರ ಬಂಡವಾಳ ಕರಗುತ್ತಿರುತ್ತದೆ. ದ್ವಿತೀಯ ಪಿಯುಸಿಯ ಕಾಮರ್ಸ್ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಪಾಲುದಾರ ಸಂಸ್ಥೆಗೆ ಸೇರುವಾಗ ರಿವ್ಯಾಲ್ಯುಯೇಷನ್ ಅಕೌಂಟ್ ಮಾಡುತ್ತೇವಲ್ಲ, ಅಲ್ಲಿ ಒಮ್ಮೊಮ್ಮೆ ಪುಸ್ತಕದಲ್ಲಿ ಬರೆಯದೇ ಉಳಿದ ಸಾಲವೊಂದು ಹೊರಬರುತ್ತದೆ. ಅಂಗಡಿಯಲ್ಲಿ ಮರಿ ಕೊಳ್ಳುವವರು ಆ ಸಾಲವನ್ನು ಕಾಣದೆಯೇ ಸಹಿ ಹಾಕುತ್ತಾರೆ. ನಮಗೆ ಅದನ್ನು ಮೊದಲೇ ಕಾಗದದ ಮೇಲೆ ತೋರಿಸಿದರು. ದತ್ತು ತರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ ಎಂದು ನನ್ನ ಅಭಿಪ್ರಾಯ.

ವಂಶದಲ್ಲಿ ಇದು ಹೇಗೆ ಇಳಿಯುತ್ತದೆ? ಕೆಟ್ಟ ಜೀನಿನ ಒಂದು ಪ್ರತಿ ಇದ್ದರೂ ಕಾಯಿಲೆ ಬರುತ್ತದೆ. ತಾಯಿ ತಂದೆಯಲ್ಲಿ ಒಂದಕ್ಕೆ ಮಾತ್ರ ಇದ್ದರೆ ಸರಾಸರಿ ಅರ್ಧದಷ್ಟು ಮರಿಗಳಿಗೆ ಬರುತ್ತದೆ. ಎರಡೂ ಪ್ರತಿ ಕೆಟ್ಟಿರುವ ಮರಿ ಹೊಟ್ಟೆಯಲ್ಲೇ ಉಳಿಯುವುದಿಲ್ಲ ಎಂದು ತಿಳಿದವರು ಭಾವಿಸುತ್ತಾರೆ. ಪರೀಕ್ಷೆಗಳು ಶುರುವಾದ ಕಾಲದಲ್ಲಿ ಹಲವು ದೇಶಗಳಲ್ಲಿ ನೋಡಿದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪರ್ಷಿಯನ್ ಬೆಕ್ಕುಗಳಲ್ಲಿ ಈ ದೋಷವಿತ್ತು. ಆದರೆ ತಡೆಯುವುದು ಕಷ್ಟವೇನಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಸವರಿ ಡಿಎನ್‌ಎ ಪರೀಕ್ಷೆ ಮಾಡಬಹುದು, ಹತ್ತು ತಿಂಗಳ ವಯಸ್ಸು ದಾಟಿದ ಮೇಲೆ ಸ್ಕ್ಯಾನಿಂಗ್‌ನಲ್ಲೂ ಚೆನ್ನಾಗಿ ಕಾಣುತ್ತದೆ. ದೋಷ ಇರುವ ಬೆಕ್ಕಿನಿಂದ ಮರಿ ಹಾಕಿಸದಿದ್ದರೆ ಆ ವಂಶದಲ್ಲಿ ಕಾಯಿಲೆ ಅಲ್ಲಿಗೇ ಮುಗಿಯಿತು. ಮಿಶ್ರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ನಮಗೆ ಕೊಟ್ಟರು. "ಇಷ್ಟು ಚಂದದ ಬೆಕ್ಕು, ಒಂದು ಸಲವಾದರೂ ಮರಿ ಹಾಕಿಸಬಾರದಿತ್ತೇ" ಎಂದು ಬಂದವರೆಲ್ಲ ಕೇಳುತ್ತಾರೆ. ಉತ್ತರ ಮೇಲಿದೆ.

ಚಪ್ಪಟೆ ಮುಖದ ತೊಂದರೆಗಳು ಪ್ರತಿದಿನ ಕಣ್ಣಿಗೆ ಕಾಣುವಂಥವು. ಮೂಗಿನ ಹೊಳ್ಳೆ ಕಿರಿದು, ಹಾಗಾಗಿ ಮಲಗಿದಾಗ ಗೊರಕೆ. ಕಣ್ಣೀರು ಇಳಿಯುವ ನಾಳ ಬಾಗಿರುವುದರಿಂದ ನೀರು ಕೆನ್ನೆಯ ಮೇಲೆ ಹರಿದು ಕಂದು ಕಲೆ ಮಾಡುತ್ತದೆ. ದವಡೆ ಚಿಕ್ಕದು, ಹಲ್ಲು ಒತ್ತೊತ್ತು. ಬಿಸಿಲಿನ ದಿನ ಬಾಯಿ ತೆರೆದು ಉಸಿರಾಡಿದರೆ ಅದು ಅಪಾಯದ ಗುರುತು, ನಾಯಿಯ ಹಾಗೆ ಸಹಜವಲ್ಲ. ಇಂಥ ಕಥೆ ಬೇರೆ ತಳಿಗಳಲ್ಲೂ ಇದೆ. ಸ್ಕಾಟಿಷ್ ಫೋಲ್ಡ್ ಬೆಕ್ಕಿನ ಮಡಚಿದ ಕಿವಿಯನ್ನು ಮುದ್ದು ಎನ್ನುತ್ತಾರೆ. ಕಿವಿಯ ಮೃದ್ವಸ್ಥಿಯನ್ನು ಬಗ್ಗಿಸುವ ಅದೇ ಜೀನ್ ಕಾಲಿನ ಕೀಲುಗಳನ್ನೂ ಕೆಡಿಸಿ ನೋವು ಕೊಡುತ್ತದೆ. ಮೇನ್ ಕೂನ್ ತಳಿಗೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. ನಮ್ಮ ಬೀದಿಯ ಬೆಕ್ಕುಗಳು ಎಲ್ಲೆಂದರಲ್ಲಿ ಬೆರೆತು ಹುಟ್ಟಿದವು, ಈ ವಿಷಯದಲ್ಲಿ ಅವೇ ಅದೃಷ್ಟವಂತರು.

ಇನ್ನು ನಮ್ಮ ಮನೆಯ ಆ ಒಂದು ವಾರ. ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: "ಖರ್ಚು ಎಷ್ಟು, ಎಷ್ಟು ವರ್ಷ?" ಅದು ಕಲ್ಲುಮನಸ್ಸಿನ ಪ್ರಶ್ನೆ ಎಂದು ನಾನು ಅತ್ತೆ. ಈಗ ಅದೇ ಸರಿಯಾದ ಪ್ರಶ್ನೆಯಾಗಿತ್ತು ಅನ್ನಿಸುತ್ತದೆ, ಏಕೆಂದರೆ ಮೊದಲ ಮನೆಯವರು ಬಹುಶಃ ಅದನ್ನು ಕೇಳಿಕೊಂಡಿರಲಿಲ್ಲ. ಅಮ್ಮಿಗೆ ನಮಾಜಿನ ಚಾಪೆಯ ಮೇಲೆ ಕೂದಲು ಬೀಳುವ ಚಿಂತೆ. ಅದಕ್ಕೆ ದಾದಿ ಅಬೂ ಖತಾದಾ(ರ) ಅವರು ವುಝೂವಿನ ಪಾತ್ರೆಯನ್ನು ಓರೆ ಮಾಡಿ ಬೆಕ್ಕಿಗೆ ನೀರು ಕುಡಿಸಿದ ಘಟನೆಯನ್ನು ನೆನಪಿಸಿದರು. ಬೆಕ್ಕು ಮನೆಯಲ್ಲಿ ಓಡಾಡುವ ಜೀವ, ಅದು ನಜೀಸ್ ಅಲ್ಲ ಎಂಬುದು ಆ ಹದೀಸಿನ ಸಾರ. ಬೆಕ್ಕನ್ನು ಕೂಡಿಹಾಕಿ ಉಪವಾಸ ಸಾಯಿಸಿದ ಹೆಂಗಸಿನ ಹದೀಸ್ ನಮಗೆಲ್ಲ ಮಕ್ತಬ್‌ನಲ್ಲೇ ಗೊತ್ತು. ಬೆಕ್ಕಿನ ಬೆಲೆ ಪಡೆಯುವುದನ್ನು ತಡೆಯುವ ವರದಿಯೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ ಎಂಬುದು ನನಗೆ ಹೊಸದಾಗಿತ್ತು. ಹೆಚ್ಚಿನ ವಿದ್ವಾಂಸರು ಬೆಕ್ಕಿನ ಮಾರಾಟಕ್ಕೆ ಅನುಮತಿ ಇದೆ ಎನ್ನುತ್ತಾರೆ, ಕೆಲವರು ಒಪ್ಪುವುದಿಲ್ಲ. ದತ್ತು ತರುವಾಗ ಆ ಚರ್ಚೆಯೇ ಬರುವುದಿಲ್ಲ ಎಂದು ದಾದಿ ಮಾತು ಮುಗಿಸಿದರು.

ಅಬ್ಬಾಗೆ ನಾನು ಲೆಕ್ಕ ಬರೆದು ಕೊಟ್ಟೆ. ಆಹಾರ, ಮರಳು ಸೇರಿ ತಿಂಗಳಿಗೆ ಸುಮಾರು 2,500 ರೂಪಾಯಿ. ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ, ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮತ್ತು ಲಸಿಕೆ. ಇದು ನಮ್ಮ ಮನೆಯ ಲೆಕ್ಕ, ಊರು ಮತ್ತು ಆಸ್ಪತ್ರೆಗೆ ತಕ್ಕಂತೆ ಬದಲಾಗುತ್ತದೆ. ಕಾಯಿಲೆ ಜೋರಾದ ಮೇಲಿನ ಖರ್ಚಿಗೆ ಅಂದಾಜು ಬರೆಯಲು ಆಗಲಿಲ್ಲ. ಅದಕ್ಕೆ ಒಂದು ಡಬ್ಬಿ ಇಟ್ಟಿದ್ದೇವೆ, ಪ್ರತಿ ತಿಂಗಳು 500 ಹಾಕುತ್ತೇವೆ. ನನ್ನ ಈದಿ ದುಡ್ಡೂ ಅದಕ್ಕೇ ಹೋಯಿತು.

ಆರೈಕೆಯಲ್ಲಿ ಮುಖ್ಯವಾದದ್ದು ನೀರು. ಬೆಕ್ಕುಗಳು ಸಹಜವಾಗಿ ಕಡಿಮೆ ನೀರು ಕುಡಿಯುತ್ತವೆ. ಒಣ ಆಹಾರದಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು ಮಾತ್ರ, ಹಸಿ ಆಹಾರದಲ್ಲಿ ಎಪ್ಪತ್ತೈದಕ್ಕೂ ಹೆಚ್ಚು. ಹಾಗಾಗಿ ಮಿಶ್ರಿಗೆ ಹಸಿ ಆಹಾರ, ಅದಕ್ಕೆ ಎರಡು ಚಮಚ ಬಿಸಿನೀರು. ಮನೆಯ ಮೂರು ಕಡೆ ಅಗಲವಾದ ಬಟ್ಟಲುಗಳಿವೆ, ಮೀಸೆ ತಾಗುವ ಇಕ್ಕಟ್ಟಾದ ಲೋಟ ಅದಕ್ಕೆ ಇಷ್ಟವಿಲ್ಲ. ಮೂತ್ರಪಿಂಡ ಸೋಲಲು ಶುರುವಾದರೆ ರಂಜಕ ಕಡಿಮೆ ಇರುವ ವಿಶೇಷ ಆಹಾರ ಕೊಡಬೇಕು, ಅದನ್ನು ಡಾಕ್ಟರ್ ಹೇಳಿದ ಮೇಲಷ್ಟೇ. ನೋವಿಗೆ, ಜ್ವರಕ್ಕೆ ನಾವು ನುಂಗುವ ಮಾತ್ರೆ ಯಾವ ಬೆಕ್ಕಿಗೂ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು, ಐಬುಪ್ರೊಫೆನ್ ಮೂತ್ರಪಿಂಡಕ್ಕೇ ಹೊಡೆತ. ಲಿಲ್ಲಿ ಹೂವಿನ ಗುಚ್ಛವೂ ಮನೆಯೊಳಗೆ ಬೇಡ, ಅದರ ಪರಾಗ ಕೂಡ ವಿಷ. ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ, ಟ್ರೇಯಲ್ಲಿ ಮರಳಿನ ಗಟ್ಟಿಗಳು ದೊಡ್ಡದಾದರೆ, ತೂಕ ಇಳಿದರೆ ಕಾಯಬೇಡಿ. ನಾನು ಪ್ರತಿ ಶುಕ್ರವಾರ ಮಿಶ್ರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ, ಆಮೇಲೆ ನನ್ನ ತೂಕ ಕಳೆಯುತ್ತೇನೆ. ಉದ್ದ ಕೂದಲಿನ ಕೆಳಗೆ ಬೆಕ್ಕು ಬಡವಾದದ್ದು ಕಣ್ಣಿಗೆ ಕಾಣುವುದಿಲ್ಲ.

ಆಶ್ರಯಧಾಮಕ್ಕೆ ಹೋದಾಗ ನಾಚಿಕೆ ಬಿಟ್ಟು ಕೇಳಿ: ಹಳೆಯ ಮನೆಯವರು ಯಾಕೆ ಬಿಟ್ಟರು, ಸ್ಕ್ಯಾನಿಂಗ್ ಆಗಿದೆಯೇ, ಕೊನೆಯ ರಕ್ತ ಪರೀಕ್ಷೆಯ ಕಾಗದ ಎಲ್ಲಿ, ನಮಗೆ ಸಾಕಲು ಆಗದೇ ಹೋದರೆ ವಾಪಸು ತೆಗೆದುಕೊಳ್ಳುತ್ತೀರಾ? ಸ್ಕ್ಯಾನಿಂಗ್ ಆಗಿಲ್ಲದಿದ್ದರೆ ತರುವ ಮೊದಲು ನೀವೇ ಮಾಡಿಸಿ. ಅವರೂ ನಿಮ್ಮನ್ನು ಕೇಳುತ್ತಾರೆ. ಕಿಟಕಿಗೆ ಜಾಲರಿ ಇದೆಯೇ ಎಂದು ನೋಡಲು ನಮ್ಮ ಮನೆಗೇ ಬಂದಿದ್ದರು. ಮಾಡಲು ಆಗುವುದಿಲ್ಲ ಅನ್ನಿಸಿದರೆ ಬೇಡ ಎಂದು ಹೇಳುವುದರಲ್ಲಿ ತಪ್ಪಿಲ್ಲ. ಮಿಶ್ರಿಯಂಥ ಬೆಕ್ಕನ್ನು ಎರಡನೇ ಸಲ ಬಿಟ್ಟು ಬರುವುದಕ್ಕಿಂತ ಅದು ಒಳ್ಳೆಯದು.

ಮಿಶ್ರಿ ಬಂದಾಗ ಅದರ ಕ್ರಿಯಾಟಿನಿನ್ 1.5 ಇತ್ತು. ಕಳೆದ ತಿಂಗಳು 1.9 ಬಂತು. ಮೂತ್ರಪಿಂಡ ಕಾಯಿಲೆಯ ನಾಲ್ಕು ಹಂತಗಳಲ್ಲಿ ಅದು ಎರಡನೆಯದು ಎಂದು ಡಾಕ್ಟರ್ ಹೇಳಿದರು, ಆಹಾರ ಬದಲಾಯಿಸಿದರು. ಹೊಸ ಆಹಾರವನ್ನು ಮೊದಲ ಎರಡು ದಿನ ಮೂಸಿಯೂ ನೋಡಲಿಲ್ಲ. ಮೂರನೇ ದಿನ ಅಬ್ಬಾ ನೆಲದ ಮೇಲೆ ಕೂತು ಬೆರಳಿನಿಂದ ತಿನ್ನಿಸಿದರು. ಖರ್ಚಿನ ಪುಸ್ತಕದಲ್ಲಿ ಈಗ ಆ ಆಹಾರದ ಸಾಲನ್ನು ಅವರೇ ಬರೆಯುತ್ತಾರೆ. ಮುಂದಿನ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ.