ಮಿದುಳು ಕುಗ್ಗಿದೆಯೇ? ಬುರುಡೆಯ ಅಳತೆಯನ್ನೂ ಕೇಳಿ

ಕಳೆದ ತಿಂಗಳು ಒಬ್ಬರು ತಮ್ಮ 72 ವರ್ಷದ ತಾಯಿಯ ಎಂ.ಆರ್.ಐ. ವರದಿ ಹಿಡಿದು ಬಂದಿದ್ದರು. ಕನ್ನಡಕ ಇಟ್ಟ ಜಾಗ ಮರೆಯುತ್ತಾರೆಂದು ಮಾಡಿಸಿದ ಪರೀಕ್ಷೆ. ಮಿದುಳಿನ ಗಾತ್ರ 1050 ಮಿ.ಲೀ. ಎಂದಿತ್ತು. 'ಚಿಕ್ಕಪ್ಪನದು 1150 ಇದೆ. ಅಮ್ಮನ ಮಿದುಳು ಕುಗ್ಗಿಹೋಗಿದೆಯೇ ಡಾಕ್ಟರೇ?' ಎಂದರು. ಬೀರುವಿನ ಬೀಗದ ಕೈ ಆಗಲೇ ತಾಯಿಯ ಸೆರಗಿನಿಂದ ಮಗನ ಜೇಬಿಗೆ ಬಂದಿತ್ತು!

ಇಂಥ ವರದಿ ನಿಮ್ಮ ಮನೆಗೂ ಬರಬಹುದು. ಗಾಬರಿಯಾಗುವ ಮುನ್ನ ಒಂದು ವಿಷಯ ತಿಳಿದಿರಲಿ.

ಕಂಪ್ಯೂಟರು ಎಂ.ಆರ್.ಐ. ಚಿತ್ರವನ್ನು ಬೂದು ಭಾಗ, ಬಿಳಿ ಭಾಗ ಮತ್ತು ಸುತ್ತಲಿನ ದ್ರವ ಎಂದು ವಿಂಗಡಿಸಿ ಒಂದೊಂದರ ಗಾತ್ರವನ್ನೂ ಅಳೆಯುತ್ತದೆ. ಆದರೆ ಎಲ್ಲರ ತಲೆಯೂ ಒಂದೇ ಅಳತೆಯದಲ್ಲ. ಸಾಮಾನ್ಯವಾಗಿ ಗಂಡಸರದು ಹೆಂಗಸರದಕ್ಕಿಂತ ದೊಡ್ಡದು. ಹಾಗಾಗಿ ಬರಿಯ ಮಿಲಿಲೀಟರ್ ನೋಡಿ ತೀರ್ಮಾನ ಸಲ್ಲದು.

ತೆಂಗಿನಕಾಯಿ ಒಣಗಿದಾಗ ಒಳಗಿನ ಕೊಬ್ಬರಿ ಕುಗ್ಗಿ ಚಿಪ್ಪು ಬಿಡುತ್ತದೆ, ಚಿಪ್ಪು ಮಾತ್ರ ಹಾಗೆಯೇ ಇರುತ್ತದೆ. ತಲೆಯೂ ಹಾಗೆಯೇ. ಬಾಲ್ಯದಲ್ಲಿ ಮಿದುಳು ಬೆಳೆದಂತೆ ಬುರುಡೆಯೂ ಹಿಗ್ಗುತ್ತದೆ. ವಯಸ್ಸಾದಂತೆ ಮಿದುಳು ಕುಗ್ಗಿದರೂ ಬುರುಡೆ ಕುಗ್ಗುವುದಿಲ್ಲ. ಅದರ ಒಳಗಾತ್ರವೇ ಯೌವನದಲ್ಲಿ ಮಿದುಳು ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ. ಆದ್ದರಿಂದ ಮಿದುಳನ್ನು ಬುರುಡೆಯ ಒಳಗಾತ್ರಕ್ಕೆ ಹೋಲಿಸಿಯೇ ನೋಡಬೇಕು.

ಆ ತಾಯಿಯ ಬುರುಡೆಯ ಒಳಗಾತ್ರ 1300 ಮಿ.ಲೀ. ಅದರಲ್ಲಿ ಮಿದುಳಿನ ಪಾಲು ಶೇ. 81. ಚಿಕ್ಕಪ್ಪನ ಬುರುಡೆ 1550 ಮಿ.ಲೀ., ಮಿದುಳಿನ ಪಾಲು ಶೇ. 74 ಮಾತ್ರ. ಈಗ ಹೇಳಿ, ಹೆಚ್ಚು ಕುಗ್ಗಿದ್ದು ಯಾರದು?

ಯಾರ ಜೊತೆ ಹೋಲಿಸುತ್ತೇವೆ ಎಂಬುದೂ ಮುಖ್ಯ. 2019ರಲ್ಲಿ ಹೈದರಾಬಾದಿನ ಐ.ಐ.ಐ.ಟಿ. ವಿಜ್ಞಾನಿಗಳು 100 ಮಂದಿ ಆರೋಗ್ಯವಂತ ಭಾರತೀಯರ ಮಿದುಳಿನ ಚಿತ್ರಗಳಿಂದ ಒಂದು ನಕ್ಷೆ ತಯಾರಿಸಿದರು. ಪಾಶ್ಚಾತ್ಯರ ಮಿದುಳಿಗಿಂತ ನಮ್ಮದು ಸರಾಸರಿಯಲ್ಲಿ ಚಿಕ್ಕದೆಂದು ಕಂಡುಬಂತು. ಇದು ಬುದ್ಧಿಯ ಕೊರತೆಯಲ್ಲ, ಅಳತೆಯ ವ್ಯತ್ಯಾಸ ಅಷ್ಟೆ.

ವೈದ್ಯರನ್ನು ನೀವು ಕೇಳಬೇಕಾದ್ದು ಇಷ್ಟು: ಬುರುಡೆಯ ಗಾತ್ರಕ್ಕೆ ಹೋಲಿಸಿದ್ದಾರೆಯೇ? ವಯಸ್ಸಿಗೆ ತಕ್ಕಂತಿದೆಯೇ? ಹಳೆಯ ಚಿತ್ರಗಳನ್ನು ಎಸೆಯಬೇಡಿ. ಮತ್ತೆ ಪರೀಕ್ಷೆ ಬೇಕೆಂದರೆ ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಅಂಕಿಯೂ ಬದಲಾಗಬಹುದು.

ಅಂಕಿ ಸರಿಯಿದ್ದ ಮಾತ್ರಕ್ಕೆ ಕಾಯಿಲೆಯಿಲ್ಲ ಎಂದೂ ತಿಳಿಯಬೇಡಿ. ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಗೊಂದಲವಾಗುವುದು, ಮನೆಯವರನ್ನು ಗುರುತಿಸದಿರುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ನಿದ್ರೆಯ ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಪರಿಹಾರವಿದೆ.

ಆ ತಾಯಿಯನ್ನು ಕೂರಿಸಿ ನೆನಪಿನ ಪರೀಕ್ಷೆ ಮಾಡಿದೆ. ಹಾಲಿನವನ ಬಾಕಿಯನ್ನೂ ಕೇಳಿದೆ, ಥಟ್ಟನೆ ಹೇಳಿದರು. ರಕ್ತಪರೀಕ್ಷೆಗೆ ಬರೆದುಕೊಟ್ಟು ಮಗನಿಗೆ ಹೇಳಿದೆ: 'ಮೊದಲು ಬೀಗದ ಕೈ ವಾಪಸ್ ಕೊಡಿ.'